ಬಾಗಿಲಿಂದಲೇ ಕಾಣುವ ಅಕ್ಷರ

ಎರಡು ಸಾವಿರದ ಹನ್ನೆರಡನೆಯ ಇಸವಿಯನ್ನು ಪ್ರಭಾ ಸುಳ್ಳು ಹೇಳಿಕೊಂಡೇ ಕಳೆದಳು. ಕನ್ನಡಕ ಮನೆಯಲ್ಲಿ ಮರೆತೆ ಎನ್ನುವುದು ಒಂದು ಸುಳ್ಳು. ತಲೆನೋವು ಎನ್ನುವುದು ಇನ್ನೊಂದು. "ಸ್ವಲ್ಪ ಇದನ್ನ ಓದಿ ಹೇಳಿ, ನನ್ನ ಕೈ ಖಾಲಿ ಇಲ್ಲ" ಎನ್ನುವುದು ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ ಸುಳ್ಳು. ಆಗೆಲ್ಲ ಅವಳ ಎರಡೂ ಕೈ ಖಾಲಿಯೇ ಇರುತ್ತಿದ್ದವು.

ಪೀಣ್ಯ ಎರಡನೇ ಹಂತದ ಒಂದು ಗೇರ್ ಕಾರ್ಖಾನೆಯಲ್ಲಿ ಅವಳಿಗೆ ಹತ್ತೊಂಬತ್ತು ವರ್ಷದ ಸರ್ವೀಸು. ಯಂತ್ರಗಳಿರುವ ಶಾಪಿನಲ್ಲಿ ಇನ್ಸ್‌ಪೆಕ್ಟರುಗಳು ಗೇರುಗಳನ್ನು ಅಳೆದು ಪೆನ್ಸಿಲ್ಲಿನಲ್ಲಿ ಹಾಳೆ ತುಂಬಿಸಿ ಕಳಿಸುತ್ತಿದ್ದರು. ಆ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ರಿಪೋರ್ಟು ತೆಗೆಯುವುದು ಪ್ರಭಾಳ ಕೆಲಸ. ರಿಪೋರ್ಟು ಮಾಲಿನ ಪೆಟ್ಟಿಗೆಯ ಜೊತೆ ಗಿರಾಕಿಗೆ ಹೋಗುತ್ತಿತ್ತು. ದಿನಕ್ಕೆ ಏಳೆಂಟು ರಿಪೋರ್ಟು, ಒಂದೊಂದರಲ್ಲಿ ನೂರು ನೂರೈವತ್ತು ಅಂಕಿ.

ಅಂಕಿಗಳ ನಡುವೆ ಒಂದು ಮಸಿ ಚುಕ್ಕೆ ಕಾಣತೊಡಗಿದಾಗ ಅವಳು ಮಾನಿಟರಿನ ಗಾಜು ಒರೆಸಿದಳು. ಆಮೇಲೆ ಕನ್ನಡಕ ಬದಲಾಯಿಸಿದಳು. ಅದಾದ ಮೇಲೆ, ಹದಿಮೂರರ ಸಂಕ್ರಾಂತಿ ಕಳೆದ ವಾರ, ಯಶವಂತಪುರದಲ್ಲಿ ಕಣ್ಣಿನ ಡಾಕ್ಟರ ಮುಂದೆ ಕುಳಿತಳು.

"ಕಣ್ಣೊಳಗಿನ ಪರದೆಯ ನಡುಭಾಗ ಸವೀತಾ ಇದೆ ಅಮ್ಮ," ಎಂದರು ಅವರು. "ಅಂಚಿನ ದೃಷ್ಟಿ ಉಳಿಯುತ್ತೆ. ನೇರವಾಗಿ ನೋಡೋದು ಮಾತ್ರ ನಿಧಾನಕ್ಕೆ ಹೋಗುತ್ತೆ. ಆಪರೇಷನ್ನು, ಡ್ರಾಪ್ಸು ಏನೂ ಉಪಯೋಗ ಇಲ್ಲ."

"ಎಷ್ಟು ದಿನ ಇರುತ್ತೆ?"

"ಹೇಳಕ್ಕಾಗಲ್ಲ. ಐದು ವರ್ಷ ಇರಬಹುದು, ಹದಿನೈದೂ ಇರಬಹುದು. ಓದೋಕೆ ಅಕ್ಷರ ದೊಡ್ಡದು ಬೇಕಾಗುತ್ತೆ. ದೊಡ್ಡದು, ಇನ್ನೂ ದೊಡ್ಡದು."

ಮನೆಗೆ ಬಂದು ಗಂಡನಿಗೆ ಹೇಳಿದಳು. ಕಾರ್ಖಾನೆಯಲ್ಲಿ ಯಾರಿಗೂ ಹೇಳಲಿಲ್ಲ.

ಫೆಬ್ರವರಿಯಲ್ಲಿ ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದವು. ಹಳೇ ಎಕ್ಸ್‌ಪಿ ಹೋಗಿ ವಿಂಡೋಸ್ ಸೆವೆನ್ ಕುಳಿತಿತು. ಸಿಸ್ಟಮ್ಸ್ ನೋಡಿಕೊಳ್ಳುವ ಆಕರ್ಷ್ ಬಂದು ಎಲ್ಲರಿಗೂ ಕಾಲು ಗಂಟೆ ವಿವರಿಸಿ ಹೋದ. ಪ್ರಭಾ ಎಲ್ಲರ ಜೊತೆ ತಲೆಯಾಡಿಸಿದಳು. ಅವನು ತೋರಿಸಿದ್ದರಲ್ಲಿ ಅರ್ಧ ಅವಳಿಗೆ ಕಂಡಿರಲಿಲ್ಲ.

ಮೂರನೆಯ ದಿನ ಕೆಲಸ ಶುರು ಮಾಡುವ ಮೊದಲು ಒದ್ದೆ ಬಟ್ಟೆಯಲ್ಲಿ ಕೀಬೋರ್ಡು ಒರೆಸುತ್ತಿದ್ದಳು. ಅದು ಜಾರದಂತೆ ಎಡಗೈಯಲ್ಲಿ ಹಿಡಿದಿದ್ದಾಗ ಹೆಬ್ಬೆರಳು ಕಿಟಕಿ ಚಿತ್ರದ ಕೀ ಮೇಲೆ ಊರಿತ್ತು. ಬಲಗೈಯ ಬಟ್ಟೆ ಬಲತುದಿಯಲ್ಲಿದ್ದ ಕೂಡುವ ಗುರುತಿನ ಕೀ ಮೇಲೆ ಮತ್ತೆ ಮತ್ತೆ ಹಾಯಿತು. ಪರದೆ ಎದ್ದು ಮೈಮೇಲೆ ಬಂದಂತಾಯಿತು. ಹಿಂದಿನ ದಿನ ತೆರೆದಿಟ್ಟಿದ್ದ ರಿಪೋರ್ಟಿನ ಒಂದೇ ಒಂದು ಅಂಕಿ, ಅಂಗೈ ಅಗಲದ ಏಳು, ಅವಳ ಮುಂದೆ ನಿಂತಿತ್ತು. ಕಪ್ಪಗೆ, ಅಂಚು ಚೂಪಾಗಿ, ಎಲ್ಲಿಯೂ ಮಸಿ ಇಲ್ಲದೆ.

ಕೆಟ್ಟುಹೋಯಿತೆಂದು ಮೊದಲು ಗಾಬರಿಯಾಯಿತು. ಆಮೇಲೆ ಮೌಸು ಆಡಿಸಿದಳು. ಏಳು ಪಕ್ಕಕ್ಕೆ ಸರಿದು ಒಂದು ಐದು ಬಂತು. ಅವಳು ಅಳಲಿಲ್ಲ. ಆದರೆ ಕೆಲಸ ಶುರು ಮಾಡಲು ಹತ್ತು ನಿಮಿಷ ತಡವಾಯಿತು.

ಆ ದಿನದಿಂದ ಊಟದ ಬಿಡುವಿನಲ್ಲಿ ಡಬ್ಬಿ ಬೇಗ ಮುಗಿಸಿ ಬಂದು ಯಾರೂ ತೆರೆಯದ ಹೆಲ್ಪ್ ಪುಟಗಳನ್ನು ತೆರೆದು ಓದತೊಡಗಿದಳು. ಕಂಪ್ಯೂಟರಿನಲ್ಲಿ ಇವೆಲ್ಲ ಮೊದಲಿನಿಂದಲೂ ಇದ್ದವು, ದುಡ್ಡು ಕೊಟ್ಟು ಹಾಕಿಸಬೇಕಾಗಿರಲಿಲ್ಲ ಎನ್ನುವುದೇ ಅವಳಿಗೆ ಸೋಜಿಗ. ಕಂಟ್ರೋಲ್ ಕೀ ಒತ್ತಿದರೆ ಮೌಸಿನ ಬಾಣ ಎಲ್ಲಿದೆಯೋ ಅಲ್ಲಿ ಒಂದು ಉಂಗುರ ಮೂಡುವ ಹಾಗೆ ಮಾಡಿಕೊಳ್ಳಬಹುದಿತ್ತು. ಬಾಣ ಹುಡುಕುವುದರಲ್ಲೇ ದಿನಕ್ಕೆ ಅರ್ಧ ಗಂಟೆ ಕಳೆಯುತ್ತಿದ್ದವಳಿಗೆ ಅದು ಬಹಳ ಇಷ್ಟವಾಯಿತು. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ಪ್ರಿಂಟ್ ಸ್ಕ್ರೀನ್, ಈ ಮೂರನ್ನು ಒಟ್ಟಿಗೆ ಒತ್ತಿದರೆ ಪರದೆಯೆಲ್ಲ ಕಪ್ಪಾಗಿ ಅಕ್ಷರ ಬೆಳ್ಳಗಾಗುತ್ತಿತ್ತು. ಮಧ್ಯಾಹ್ನದ ಮೇಲೆ ಕಣ್ಣು ಸೋತಾಗ ಅದೇ ಹಿತ.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಇನ್ನೊಂದು. ಕಿಟಕಿ ಕೀ ಹಿಡಿದು ಎಡಬಾಣ ಒತ್ತಿದರೆ ತೆರೆದಿದ್ದ ಪುಟ ಪರದೆಯ ಎಡ ಅರ್ಧಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು, ಬಲಬಾಣಕ್ಕೆ ಬಲ ಅರ್ಧಕ್ಕೆ. ಇನ್ಸ್‌ಪೆಕ್ಟರುಗಳ ಪೆನ್ಸಿಲ್ ಹಾಳೆಯನ್ನು ಆಫೀಸಿನ ಜೆರಾಕ್ಸ್ ಮೆಷಿನ್ನಿನಲ್ಲೇ ಸ್ಕ್ಯಾನ್ ಮಾಡಿ ಎಡಕ್ಕೆ ಇಟ್ಟಳು, ರಿಪೋರ್ಟನ್ನು ಬಲಕ್ಕೆ ಇಟ್ಟಳು. ಎರಡನ್ನೂ ಹಿಗ್ಗಿಸಿದಳು. ಒಂದು ವರ್ಷದಿಂದ ಅಂದಾಜಿನ ಮೇಲೆ ಓದುತ್ತಿದ್ದ ಹಾಳೆಯಲ್ಲಿ ಪೆನ್ಸಿಲ್ಲಿನ ಒತ್ತು ಕೂಡ ಕಾಣಿಸಿತು.

ಆದರೂ ಮುಚ್ಚಿಟ್ಟಳು. ಅವಳ ಪರದೆ ಬಾಗಿಲಿನ ಕಡೆಗಿತ್ತು, ಉಳಿದ ಮೇಜುಗಳಿಗೆ ಕಾಣುತ್ತಿರಲಿಲ್ಲ. ಬಾಗಿಲಿನಲ್ಲಿ ಹೆಜ್ಜೆ ಕೇಳಿದ ಕೂಡಲೇ ಕಿಟಕಿ ಕೀ, ಎಸ್ಕೇಪ್. ಅಕ್ಷರ ಕುಗ್ಗಿ ಮಾಮೂಲಿನ ಗಾತ್ರಕ್ಕೆ ಬರುತ್ತಿತ್ತು. ಬಂದವರು ಹೋಗುವ ತನಕ ಅವಳು ಕಾಣದ ಅಂಕಿಗಳನ್ನು ನೋಡುವವಳಂತೆ ಕುಳಿತಿರುತ್ತಿದ್ದಳು.

ಮಾರ್ಚಿ ಕೊನೆಯಲ್ಲಿ ಪುಣೆಯ ಗಿರಾಕಿಯಿಂದ ಒಂದು ಪೆಟ್ಟಿಗೆ ವಾಪಸು ಬಂತು. ಜನವರಿಯಲ್ಲಿ ಕಳಿಸಿದ ಮಾಲು. ರಿಪೋರ್ಟಿನಲ್ಲಿ ಒಂದು ಗೇರಿನ ರಂಧ್ರದ ಅಳತೆ ಮಿತಿಗಿಂತ ಮೂರು ಮೈಕ್ರಾನ್ ಹೆಚ್ಚು ಎಂದಿತ್ತು. ಅವರು ಪೆಟ್ಟಿಗೆಯನ್ನೇ ತಿರಸ್ಕರಿಸಿದ್ದರು.

ಕ್ವಾಲಿಟಿ ಮ್ಯಾನೇಜರ್ ವೆಂಕಟರಮಣಪ್ಪ ಆ ಹಾಳೆಗೆ ಸಹಿ ಮಾಡಿದ್ದ ಹನುಮೇಶನನ್ನು ಕರೆಸಿದರು. ಹನುಮೇಶ ಕೊಪ್ಪಳದ ಕಡೆಯವನು, ಮಾಕಳಿಯಲ್ಲಿ ಬಾಡಿಗೆ ಕೋಣೆ, ಆರು ವರ್ಷದಿಂದ ಇನ್ಸ್‌ಪೆಕ್ಟರು. ಅವನು ಅವರ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದ: "ನಾ ಎರಡ್ ಸಲ ಅಳತೆ ಮಾಡೇನ್ರೀ ಸರ. ಮಾಲು ಸರಿ ಐತ್ರಿ."

"ಸರಿ ಇದ್ರೆ ರಿಪೋರ್ಟಲ್ಲಿ ಯಾಕಯ್ಯ ಹಂಗೆ ಬಂತು? ನಿನ್ನ ಮೇಲೆ ಬರೀಬೇಕಾಗುತ್ತೆ."

ಹೊರಗೆ ಪಕ್ಕದ ಮೇಜಿನಲ್ಲಿ ಕುಳಿತು ಪ್ರಭಾ ಅಷ್ಟನ್ನೂ ಕೇಳಿಸಿಕೊಂಡಳು. ಎದ್ದು ಹೋಗಿ ಜನವರಿಯ ಫೈಲು ತೆಗೆದು ಆ ಹಾಳೆಯನ್ನು ಸ್ಕ್ಯಾನ್ ಮಾಡಿದಳು. ಪರದೆಯ ಮೇಲೆ ಹಿಗ್ಗಿಸಿ ನೋಡಿದಳು. ಹನುಮೇಶ ಬರೆದದ್ದು ಮೂರು. ಅವಳು ಟೈಪು ಮಾಡಿದ್ದು ಎಂಟು.

ಸುಮ್ಮನಿದ್ದಿದ್ದರೆ ಅದು ಹನುಮೇಶನ ತಲೆಗೆ ಹೋಗುತ್ತಿತ್ತು. ಅವನ ಮೂರು ನಿಜಕ್ಕೂ ಎಂಟಿನ ಹಾಗೇ ಇತ್ತು, ಯಾರು ಬೇಕಾದರೂ ನಂಬುತ್ತಿದ್ದರು. ಪ್ರಭಾಗೆ ಅದು ಹೊಳೆಯಿತು ಕೂಡ. ಆದರೆ ಬಾಗಿಲಲ್ಲಿ ನಿಂತವನ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕುತ್ತಿದ್ದುದು ಅವಳಿಗೆ ಕಣ್ಣಂಚಿನಲ್ಲಿ ಚೆನ್ನಾಗಿ ಕಾಣುತ್ತಿತ್ತು.

"ಸಾರ್, ಇಲ್ಲಿ ಬನ್ನಿ," ಎಂದಳು.

ವೆಂಕಟರಮಣಪ್ಪ ಬಂದರು. ಪರದೆಯ ಮೇಲಿನ ಮೊಳದುದ್ದದ ಅಂಕಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಇದೇನು, ಸಿಸ್ಟಮ್ ಕೆಟ್ಟಿದೆಯಾ?"

"ಕೆಟ್ಟಿರೋದು ನನ್ನ ಕಣ್ಣು ಸಾರ್. ತಪ್ಪು ನಂದು, ಅವರದ್ದಲ್ಲ. ಜನವರಿಯಲ್ಲಿ ನಾನು ಯಾರಿಗೂ ಹೇಳದೆ ಅಂದಾಜಲ್ಲಿ ಓದ್ತಾ ಇದ್ದೆ. ಈಗ ಹಿಂಗೆ ದೊಡ್ಡದು ಮಾಡ್ಕೊಂಡು ಓದ್ತೀನಿ. ಫೆಬ್ರವರಿಯಿಂದ ಈಚೆಗೆ ನನ್ನ ಕೈಯಲ್ಲಿ ಒಂದು ತಪ್ಪೂ ಆಗಿಲ್ಲ. ಬೇಕಾದ್ರೆ ಎಲ್ಲ ತೆಗೆದು ನೋಡಿ."

ಆಫೀಸಿನ ಆರು ಜನವೂ ಕೇಳಿಸಿಕೊಂಡರು.

ಆ ಮಧ್ಯಾಹ್ನ ಬಾಗಿಲಿನಲ್ಲಿ ಹೆಜ್ಜೆ ಕೇಳಿದಾಗ ಪ್ರಭಾಳ ಬೆರಳು ಅಭ್ಯಾಸಬಲದಿಂದ ಎಸ್ಕೇಪ್ ಕೀ ತನಕ ಹೋಯಿತು. ಒತ್ತಲಿಲ್ಲ. ಬಂದವನು ಡಿಸ್ಪ್ಯಾಚಿನವನು. ಅವಳು ಬರೆಯುತ್ತಿದ್ದುದನ್ನು ಬಾಗಿಲಿಂದಲೇ ಓದಿಕೊಂಡು, "ನಮ್ಮ ರಿಪೋರ್ಟೇ ನಡೀತಾ ಇದೆಯಲ್ಲ, ಸರಿ ಮೇಡಂ" ಎಂದು ಹಾಗೇ ಹೊರಟುಹೋದ.

ಎರಡು ದಿನ ಬಿಟ್ಟು ವೆಂಕಟರಮಣಪ್ಪ ಅವಳನ್ನು ಒಳಗೆ ಕರೆದರು. ಕಾಫಿ ತರಿಸಿದರು. ಕಾಫಿ ತರಿಸಿದಾಗಲೇ ಅವಳಿಗೆ ಗೊತ್ತಾಯಿತು.

"ನೋಡಮ್ಮ, ಇಷ್ಟು ವರ್ಷ ಕೆಲಸ ಮಾಡಿದೀರ. ನಿಮಗೆ ತೊಂದರೆ ಕೊಡಬೇಕು ಅಂತ ಯಾರಿಗೂ ಇಲ್ಲ. ಮುಂದೆ ರಿಸೆಪ್ಷನ್ನಲ್ಲಿ ಕೂತ್ಕೊಳ್ಳಿ. ಫೋನ್ ತಗೊಳ್ಳೋದು, ಬಂದವರನ್ನ ಕೂರಿಸೋದು. ಕಣ್ಣಿಗೆ ಶ್ರಮ ಇಲ್ಲ."

"ರಿಸೆಪ್ಷನ್ನಲ್ಲಿ ಬಂದವರ ಮುಖ ಗುರುತು ಹಿಡೀಬೇಕು ಸಾರ್. ನನಗೆ ಅದೇ ಆಗದೆ ಇರೋದು. ಮುಖ ಕಾಣಲ್ಲ, ಅಂಕಿ ಕಾಣುತ್ತೆ. ಅಂಕಿ ಕೆಲಸಾನೇ ಕೊಡಿ."

ಅವರು ಕಾಗದವೊಂದನ್ನು ಮುಂದೆ ಸರಿಸಿದರು. ಸ್ವಇಚ್ಛೆಯಿಂದ ವರ್ಗ ಕೋರುತ್ತೇನೆ ಎಂದು ಅದರಲ್ಲಿದೆ ಎಂದರು.

"ಇಚ್ಛೆ ಇಲ್ವಲ್ಲ ಸಾರ್," ಎಂದು ಅವಳು ಅದನ್ನು ವಾಪಸು ಸರಿಸಿದಳು. ಕಾಫಿ ಮಾತ್ರ ಪೂರ್ತಿ ಕುಡಿದು ಎದ್ದಳು.

ಮನೆಯಲ್ಲಿ ಗಂಡ ದ್ವಾರಕಾನಾಥ ಅವಳ ಪರ ನಿಲ್ಲಲಿಲ್ಲ. ಅವನು ಜಾಲಹಳ್ಳಿ ಕಡೆಯ ಸರಕಾರಿ ಕಾರ್ಖಾನೆಯಲ್ಲಿ ಇಪ್ಪತ್ಮೂರು ವರ್ಷ ದುಡಿದು, ಹತ್ತು ವರ್ಷದ ಹಿಂದೆ ಸ್ವಯಂನಿವೃತ್ತಿ ತೆಗೆದುಕೊಂಡವನು.

"ರಿಸೆಪ್ಷನ್ ಅಂದ್ರೆ ಏನು ಕೀಳಾ? ಮರ್ಯಾದೆಯಾಗಿ ಕೊಡ್ತಿದಾರೆ, ತಗೋ. ನಾನೂ ಕೊಟ್ಟಾಗ ಸಹಿ ಹಾಕ್ಲಿಲ್ವಾ?"

"ಹಾಕಿದ್ರಿ. ಆಮೇಲೆ ಎರಡು ವರ್ಷ ಬೆಳಿಗ್ಗೆ ಆರಕ್ಕೆ ಎದ್ದು, ಸ್ನಾನ ಮಾಡಿ, ಶೂ ಹಾಕ್ಕೊಂಡು ಕಾರ್ಖಾನೆ ಗೇಟಿನ ತನಕ ಹೋಗಿ ಬರ್ತಿದ್ರಿ. ನಾನು ನೋಡಿಲ್ವಾ?"

ದ್ವಾರಕಾನಾಥ ಪೇಪರು ಮಡಿಸಿದ. "ಆ ಸಿಟ್ಟು ನನ್ನ ಮೇಲೆ ಯಾಕೆ" ಎಂದ.

"ನಿಮ್ಮ ಮೇಲಲ್ಲ ರೀ. ಆ ಕಾಗದದ ಮೇಲೆ."

ಏಪ್ರಿಲ್ ಎರಡನೇ ವಾರ ಪುಣೆಯ ಗಿರಾಕಿ ಕಡೆಯಿಂದ ತಪಾಸಣೆಗೆ ಬರುತ್ತಾರೆಂದು ಸುದ್ದಿಯಾಯಿತು. ಗುರುವಾರ ಬರುವವರಿದ್ದರು. ಮಂಗಳವಾರ ಸಂಜೆ ವೆಂಕಟರಮಣಪ್ಪ ಅವಳ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು.

"ಗುರುವಾರ ಒಂದಿನ ರಜ ಹಾಕ್ಬಿಡಿ. ಅವರು ಬಂದಾಗ ಪರದೆ ಮೇಲೆ ಇಷ್ಟಿಷ್ಟು ದಪ್ಪ ಅಕ್ಷರ ಕಂಡ್ರೆ ಏನಂದ್ಕೋತಾರೆ? ಕಂಪನಿ ಮರ್ಯಾದೆ ಪ್ರಶ್ನೆ."

"ನನಗೆ ರಜ ಬೇಡ ಸಾರ್."

ಅವರು ತಮ್ಮ ಕೋಣೆಗೆ ಹೊರಟುಹೋದರು. ಆದರೆ ಗುರುವಾರ ಬೆಳಿಗ್ಗೆ ಅವಳು ಬಂದು ಕಂಪ್ಯೂಟರು ಹಾಕಿದಾಗ ಕಿಟಕಿ ಕೀ, ಕೂಡುವ ಗುರುತು ಒತ್ತಿದರೆ ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಪರದೆಯ ಕೆಳಗೆ ಏನೋ ಪುಟ್ಟ ಅಕ್ಷರಗಳ ಚೌಕವೊಂದು ಬಂತು, ಓದಲಾಗಲಿಲ್ಲ. ಕಂಟ್ರೋಲ್ ಒತ್ತಿದರೆ ಉಂಗುರವೂ ಇಲ್ಲ.

ಫೋನ್ ಮಾಡಿ ಆಕರ್ಷ್‌ನನ್ನು ಕರೆಸಿದಳು. ಅವನು ಬಂದು ನಿಂತ. ಮುಖ ಅವಳಿಗೆ ಕಾಣದಿದ್ದರೂ ಕತ್ತು ಬಗ್ಗಿದ್ದು ತಿಳಿಯುತ್ತಿತ್ತು.

"ಆಕರ್ಷ್, ಏನಾಗಿದೆ ಇದಕ್ಕೆ?"

"ಎಲ್ಲಾ ಸಿಸ್ಟಮ್‌ಗೂ ಒಂದೇ ಥರ ಸೆಟ್ಟಿಂಗ್ ಹಾಕಕ್ಕೆ ಹೇಳಿದ್ರು ಮೇಡಂ. ಸ್ಟ್ಯಾಂಡರ್ಡ್ ಡೆಸ್ಕ್‌ಟಾಪ್. ಪಾಲಿಸಿ."

"ಯಾರು ಹೇಳಿದ್ದು?"

ಅವನ ಕತ್ತು ವೆಂಕಟರಮಣಪ್ಪನವರ ಕೋಣೆಯ ಕಡೆ ತಿರುಗಿತು.

"ಸರಿ, ನೀವು ಒಂದು ಕಾಗದ ಬರೆದುಕೊಡಿ. ಈ ಕಂಪನಿಯಲ್ಲಿ ಕೆಲಸಗಾರರು ಅಕ್ಷರ ದೊಡ್ಡದು ಮಾಡ್ಕೊಂಡು ಓದಬಾರದು ಅಂತ. ಕೆಳಗೆ ನಿಮ್ಮ ಸಹಿ ಹಾಕಿ. ನಾನು ಇಟ್ಕೋತೀನಿ."

"ಹಂಗೆಲ್ಲ ಬರೆಯಕ್ಕಾಗಲ್ಲ ಮೇಡಂ."

"ಬರೆಯಕ್ಕಾಗದ್ದನ್ನ ಮಾಡಬಾರದು ಅಲ್ವಾ?"

ಹೊರಗೆ ಕಾರು ಬಂದ ಸದ್ದಾಯಿತು, ಆಕರ್ಷ್ ಹೋದ.

ಪ್ರಭಾ ಮೂರು ಕೀಗಳನ್ನು ಒಟ್ಟಿಗೆ ಒತ್ತಿ ನೋಡಿದಳು. ಆಲ್ಟ್, ಶಿಫ್ಟ್, ಪ್ರಿಂಟ್ ಸ್ಕ್ರೀನ್. ಆಕರ್ಷ್ ಅದನ್ನು ಮರೆತಿದ್ದ, ಇಲ್ಲವೇ ಅವನಿಗೆ ಗೊತ್ತೇ ಇರಲಿಲ್ಲ. ಪರದೆ ಕಪ್ಪಾಗಿ ಅಕ್ಷರಗಳು ಬೆಳಗಿದವು. ಆಮೇಲೆ ಕಂಟ್ರೋಲ್ ಹಿಡಿದು ಮೌಸಿನ ಗಾಲಿ ತಿರುಗಿಸಿದಳು. ರಿಪೋರ್ಟಿನ ಅಂಕಿಗಳು ಹಿಗ್ಗತೊಡಗಿದವು. ಸ್ಕ್ಯಾನ್ ಮಾಡಿದ ಹಾಳೆಯೂ ಗಾಲಿ ತಿರುಗಿಸಿದಷ್ಟೂ ಬೆಳೆಯಿತು. ಎಡಬಾಣ, ಬಲಬಾಣ ಎಂದಿನಂತೆ ಕೆಲಸ ಮಾಡಿದವು. ಮೊದಲಿನಷ್ಟು ಸಲೀಸಲ್ಲ, ಮೆನು ಪಟ್ಟಿಯ ಹೆಸರುಗಳು ಪುಟ್ಟದಾಗಿಯೇ ಉಳಿದಿದ್ದವು. ಆದರೆ ಪಟ್ಟಿಯ ಯಾವ ಹೆಸರು ಎಷ್ಟನೆಯದು ಎಂದು ಅವಳಿಗೆ ಬಾಯಿಪಾಠವಾಗಿತ್ತು. ಹನ್ನೊಂದು ಗಂಟೆಗೆ ತಪಾಸಣೆಯವರು ಆಫೀಸಿಗೆ ಕಾಲಿಟ್ಟಾಗ ಬಾಗಿಲಿಂದಲೇ ಮೊದಲು ಕಂಡದ್ದು ಕಪ್ಪು ಪರದೆ, ಅದರ ಮೇಲೆ ಅಂಗೈ ಅಗಲದ ಬಿಳಿ ಅಂಕಿಗಳು.

ಬಂದವರು ಇಬ್ಬರು. ದೊಡ್ಡವರು ಐವತ್ತರ ಆಸುಪಾಸಿನ ಹೆಂಗಸು. ವೆಂಕಟರಮಣಪ್ಪ ಅವರನ್ನು ಬೇಗ ದಾಟಿಸಿಕೊಂಡು ಹೋಗಲು ನೋಡಿದರು. ಆಕೆ ಪ್ರಭಾಳ ಮೇಜಿನ ಮುಂದೆ ನಿಂತು, ಜನವರಿಯ ರಿಪೋರ್ಟು ಮಾಡಿದ್ದು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅದು ಕ್ಲೆರಿಕಲ್ ಮಿಸ್ಟೇಕು, ಈಗಾಗಲೇ ಕ್ರಮ ತಗೊಂಡಿದೀವಿ," ಎಂದು ವೆಂಕಟರಮಣಪ್ಪ ಶುರು ಮಾಡಿದರು.

ಪ್ರಭಾ ಎದ್ದು ನಿಂತಳು. ತನಗೆ ಬರುವ ಇಂಗ್ಲಿಷಿನಲ್ಲೇ ಹೇಳಿದಳು: ಮಾಡಿದ್ದು ನಾನು. ನನ್ನ ಕಣ್ಣಿನ ನಡುಭಾಗ ಕಾಣುವುದಿಲ್ಲ. ಆಗ ಅದನ್ನು ಬಚ್ಚಿಟ್ಟು ಓದುತ್ತಿದ್ದೆ, ಅದಕ್ಕೇ ತಪ್ಪಾಯಿತು. ಈಗ ಬಚ್ಚಿಡುವುದಿಲ್ಲ. ಹೀಗೆ ಓದುತ್ತೇನೆ, ನೋಡಿ.

ಮೇಜಿನ ಮೇಲಿದ್ದ ಹೊಸ ಹಾಳೆಯೊಂದನ್ನು ಆಕೆಯ ಕೈಗೇ ಕೊಟ್ಟು ಸ್ಕ್ಯಾನ್ ಮಾಡಿಸಿದಳು. ಎಡಕ್ಕೆ ಹಾಳೆ, ಬಲಕ್ಕೆ ರಿಪೋರ್ಟು. ಸಾಲುಸಾಲಾಗಿ ಟೈಪು ಮಾಡುತ್ತ ಹೋದಳು. ಏಳನೆಯ ಸಾಲಿನಲ್ಲಿ ಕೈ ನಿಲ್ಲಿಸಿದಳು.

"ಇಲ್ಲಿ ಬರೆದವರು ಒಂದು ಸೊನ್ನೆ ಬಿಟ್ಟಿದ್ದಾರೆ. ನಾನು ತುಂಬಿಸಲ್ಲ, ಅವರನ್ನ ಕೇಳ್ತೀನಿ."

ಹನುಮೇಶನಿಗೆ ಹೇಳಿ ಕಳಿಸಿದಳು. ಅವನು ಶಾಪಿನಿಂದ ಬಂದು ಪರದೆ ನೋಡಿದ. "ಖರೇನರೀ, ಬಿಟ್ಟೇನಿ. ಸೊನ್ನಿ ಸೊನ್ನಿ ಏಳು ಆಗಬೇಕಿತ್ತು," ಎಂದು ಹಾಳೆ ತೆಗೆದುಕೊಂಡು, ತಿದ್ದಿ, ಪಕ್ಕಕ್ಕೆ ಸಹಿ ಹಾಕಿದ. ಆಮೇಲೆ ಯಾರೂ ಕೇಳದೆಯೇ ವೆಂಕಟರಮಣಪ್ಪನವರ ಕಡೆ ತಿರುಗಿ, "ಮೇಡಂ ಹಿಂಗ ದೊಡ್ಡದು ಮಾಡಿ ನೋಡಾಕ ಹತ್ತಿದ ಮ್ಯಾಲ ನಮ್ಮ ತಪ್ಪಽ ಜಾಸ್ತಿ ಸಿಗಾಕತ್ತಾವ್ರಿ ಸರ" ಎಂದ.

ಪುಣೆಯ ಹೆಂಗಸು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಒಂದು ವಾರಕ್ಕೆ ಕಾಗದ ಬಂತು. ಕೈಬರಹದ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ರಿಪೋರ್ಟಿನ ಜೊತೆ ಇಡತಕ್ಕದ್ದು, ಪ್ರತಿ ರಿಪೋರ್ಟನ್ನೂ ಇನ್ನೊಬ್ಬರು ಓದಿ ಸಹಿ ಮಾಡತಕ್ಕದ್ದು ಎಂದಿತ್ತು. ಪ್ರಭಾಳನ್ನು ಬದಲಾಯಿಸಿ ಎಂದಾಗಲಿ, ಉಳಿಸಿಕೊಳ್ಳಿ ಎಂದಾಗಲಿ ಒಂದು ಅಕ್ಷರವೂ ಅದರಲ್ಲಿರಲಿಲ್ಲ.

ವೆಂಕಟರಮಣಪ್ಪ ಕ್ಷಮಿಸಲಿಲ್ಲ. ವರ್ಗದ ಮಾತು ಮತ್ತೆ ಎತ್ತಲಿಲ್ಲ, ಆದರೆ ಅವಳ ಮೇಜನ್ನು ಕಿಟಕಿಯ ಪಕ್ಕದಿಂದ ತೆಗೆಸಿ ಜೆರಾಕ್ಸ್ ಮೆಷಿನ್ನಿನ ಬಿಸಿಗಾಳಿ ಬಡಿಯುವ ಮೂಲೆಗೆ ಹಾಕಿಸಿದರು. ಸ್ಕ್ಯಾನ್ ಮಾಡಲು ಅನುಕೂಲ ಎಂದರು. ಮಳೆಗಾಲ ಮುಗಿಯುವ ತನಕ ಅವಳ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಹೇಳಲಿಲ್ಲ. ಪ್ರಭಾ ದಿನಾ ಬೆಳಿಗ್ಗೆ ತಪ್ಪದೆ ನಮಸ್ಕಾರ ಹೇಳಿದಳು, ಸ್ವಲ್ಪ ಗಟ್ಟಿಯಾಗಿಯೇ.

ಆಕರ್ಷ್ ಮಾತ್ರ ತಪಾಸಣೆಯ ಮುಂದಿನ ಸೋಮವಾರವೇ ಬಂದಿದ್ದ. ಏನೂ ಹೇಳದೆ ಅವಳ ಕುರ್ಚಿ ಪಕ್ಕಕ್ಕೆ ಮಂಡಿಯೂರಿ ಕುಳಿತು ಹತ್ತು ನಿಮಿಷ ಏನೇನೋ ಒತ್ತಿದ.

"ಈಗ ನೋಡಿ ಮೇಡಂ. ನಿಮ್ಮ ಅಕೌಂಟ್ ಬೇರೆ ಮಾಡಿದೀನಿ. ಇನ್ಮೇಲೆ ಯಾರು ಏನು ಪಾಲಿಸಿ ಹಾಕಿದ್ರೂ ಇದನ್ನ ಮುಟ್ಟಲ್ಲ."

"ಯಾರಾದ್ರೂ ಕೇಳಿದ್ರೆ?"

"ಬರೆದಿಟ್ಟಿದೀನಿ. ಕಾರಣ ಸಮೇತ. ಸಹಿ ನಂದೇ."

ಕಿಟಕಿ ಕೀ, ಕೂಡುವ ಗುರುತು. ಅಕ್ಷರ ಎದ್ದು ಬಂತು. ಹಾಗೆ ಅವಳ ಕೆಲಸ ಮುಂದುವರಿಯಿತು. ಎರಡನೆಯ ಸಹಿ ಹನುಮೇಶನದ್ದು. ಮೊದಲ ಮೂರು ತಿಂಗಳಲ್ಲಿ ಅವನು ಅವಳದ್ದೊಂದು ತಪ್ಪು ಹಿಡಿದ, ಅವಳು ಇನ್ಸ್‌ಪೆಕ್ಟರುಗಳದ್ದು ಹದಿನಾಲ್ಕು ಹಿಡಿದಳು. ಹನುಮೇಶ ಮೂರನ್ನು ಬಿಡಿಸಿ ಬರೆಯುವುದು ಕಲಿತ.

ಕಣ್ಣು ಮಾತ್ರ ಡಾಕ್ಟರು ಹೇಳಿದ ದಾರಿಯಲ್ಲೇ ನಡೆಯಿತು. ಮುಂದಿನ ವರ್ಷ ಯುಗಾದಿಯ ಹೊತ್ತಿಗೆ ಆರು ಸಲ ಒತ್ತಿದರೆ ಸಾಕಾಗುತ್ತಿದ್ದಲ್ಲಿ ಒಂಬತ್ತು ಸಲ ಒತ್ತಬೇಕಾಯಿತು. ಒಂದು ಸಲಕ್ಕೆ ಪರದೆಯಲ್ಲಿ ನಾಲ್ಕು ಅಂಕಿಯಷ್ಟೇ ಹಿಡಿಯುತ್ತಿತ್ತು. ದ್ವಾರಕಾನಾಥ ಒಂದು ಸಂಜೆ, "ಇನ್ನೂ ಎಷ್ಟು ದೊಡ್ಡದು ಮಾಡ್ತೀಯ?" ಎಂದು ಕೇಳಿದ. ವ್ಯಂಗ್ಯವಿರಲಿಲ್ಲ, ಭಯವಿತ್ತು. ಅವಳು ಹೆಲ್ಪ್ ಪುಟಗಳಲ್ಲಿ ಅದಕ್ಕೂ ಮುಂದಿನ ಅಧ್ಯಾಯ ಓದಿದ್ದಳು. ಕಂಪ್ಯೂಟರಿನಲ್ಲಿ ಒಂದು ದನಿಯಿತ್ತು. ಪರದೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಗಡಸು ದನಿ, ಇಂಗ್ಲಿಷ್ ಮಾತ್ರ, ವೆಂಕಟರಮಣಪ್ಪ ಎಂಬ ಹೆಸರನ್ನು ನಾಲ್ಕು ತುಂಡು ಮಾಡಿ ಅಗಿಯುತ್ತಿತ್ತು. ಆದರೆ ಅಂಕಿಗಳನ್ನು ಸರಿಯಾಗಿ ಹೇಳುತ್ತಿತ್ತು.

ಅವಳು ಇಯರ್‌ಫೋನ್ ಕೊಂಡಳು. ಊಟದ ಬಿಡುವಿನಲ್ಲಿ ಮಾನಿಟರಿನ ಗುಂಡಿ ಒತ್ತಿ ಪರದೆ ಆರಿಸಿ, ದನಿಯ ಹಿಂದೆ ಹೋಗುವುದನ್ನು ಕಲಿಯತೊಡಗಿದಳು. ಮೊದಲ ವಾರ ಒಂದು ಸಾಲಿಗೆ ಹತ್ತು ನಿಮಿಷ ಹಿಡಿಯಿತು. ಎರಡನೆಯ ವಾರ ನಾಲ್ಕು.

ಒಂದು ಮಧ್ಯಾಹ್ನ ಆಕರ್ಷ್ ಜೆರಾಕ್ಸ್ ಮೆಷಿನ್ನು ನೋಡಲು ಬಂದವನು ಕತ್ತಲ ಪರದೆಯ ಮುಂದೆ ಸರಾಗವಾಗಿ ಟೈಪು ಮಾಡುತ್ತಿದ್ದ ಅವಳನ್ನು ನೋಡಿ ನಿಂತ.

"ಮೇಡಂ, ನಿಮ್ಮ ಮಾನಿಟರ್ ಆಫ್ ಆಗಿದೆ."

"ಗೊತ್ತು," ಎಂದಳು ಪ್ರಭಾ, ಕೈ ನಿಲ್ಲಿಸದೆ. "ನಾನೇ ಆಫ್ ಮಾಡಿರೋದು."